ವಿಮೆಯಿಲ್ಲದ ಮೋಟಾರು



ವಿಮೆಯೆಂಬ ಮಾತು ಕಿವಿಗೆ ಬಿದ್ದೊಡನೆಯೆ ನಮ್ಮಲ್ಲಿ ಅನೇಕರಿಗೆ ಬಾಗಿಲಲ್ಲಿ ನಗುಮುಖದಿಂದ ನಿಂತಿರುವ ಏಜೆಂಟರ ನೆನಪಾಗುವುದು ಸಹಜ. ಜೀವವಿಮೆ ಹೆಂಡತಿ ಮಕ್ಕಳಿಗಾಗಿ. ಬೆಂಕಿಯ ವಿಮೆ ಅಂಗಡಿಯ ಸರಕಿಗಾಗಿ. ಅಲ್ಲಿ ಹಣ ಕಟ್ಟುವವರೂ ಅದರ ಫಲವನ್ನು ಪಡೆಯುವವರೂ ಒಂದೇ ಮನೆಯವರು. ಕಟ್ಟದೆ ಬಿಟ್ಟರೆ ಕೆಡುವವರೂ ಅವರೇ. ಆದುದರಿಂದ ಸರ್ಕಾರವು ಆ ವಿಷಯದಲ್ಲಿ ಬಲಾತ್ಕಾರ ಮಾಡುವುದಿಲ್ಲ. ಈ ಹೊತ್ತು ನಾವು ಮಾತನಾಡಬೇಕೆಂದಿರುವ ವಿಮೆಯ ಬಗೆ ಬೇರೆ. ಮೋಟಾರನ್ನು ಇಟ್ಟುಕೊಂಡವನು ವರ್ಷವರ್ಷವೂ ಹಣ ಕಟ್ಟುತ್ತಾನೆ. ಅದರ ಫಲವು ಸಲ್ಲುವುದು ಅವನು ಎಂದೂ ಕಂಡರಿಯದ ಒಬ್ಬ ದಾರಿಹೋಕನಿಗೆ, ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿರುವ ಕೂಲಿಯವನಿಗೆ, ಅಥವಾ ಅಂತಹವನ ವಿಧವೆಗೆ. ನ್ಯಾಯಶಾಸ್ತ್ರದಲ್ಲಿ ಇವನನ್ನು ಮೂರನೆಯ ಕಕ್ಷಿಯೆಂದು ಕರೆಯುತ್ತಾರೆ. ಕಂಪೆನಿಯು ಮೊದಲನೆಯದು, ಮೋಟಾರಿನ ಯಜಮಾನನು ಎರಡನೆಯವನು, ಪೆಟ್ಟು ತಿಂದವನು ಮೂರನೆಯವನು. ಕರಾರಿಗೆ ರುಜು ಹಾಕಿದವರು ಮೊದಲ ಇಬ್ಬರು. ಕರಾರು ಹುಟ್ಟಿರುವುದು ಮೂರನೆಯವನಿಗಾಗಿ. ಅವನು ರುಜು ಹಾಕುವ ಕಾಲದಲ್ಲಿ ಅಲ್ಲಿ ಇರಲಿಲ್ಲವಾದುದರಿಂದಲೇ ಅವನ ಪರವಾಗಿ ಕಾಯಿದೆಯು ಮಧ್ಯೆ ಬರಬೇಕಾಯಿತು.

ಹಾಗೆ ಬಂದ ಕಾಯಿದೆಯು ಏನು ಮಾಡಬೇಕು, ಅದನ್ನು ಮೀರಿದವನಿಗೆ ಯಾವ ಶಿಕ್ಷೆ ತಕ್ಕುದು ಎಂಬ ಪ್ರಶ್ನೆಗಳನ್ನು ವಿಚಾರಿಸುವುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಒಳ್ಳೆಯ ಸ್ಥಳ. ಅಲ್ಲಿ ಈ ವಿಷಯವು ಒಂದೊಂದು ಸಂಸ್ಥಾನದ ಸ್ವಂತ ಅಧಿಕಾರಕ್ಕೆ ಸೇರಿದುದು. ಆದುದರಿಂದ ಒಂದೇ ಪ್ರಶ್ನೆಗೆ ಐವತ್ತು ಉತ್ತರಗಳು ನಮಗೆ ದೊರೆಯುತ್ತವೆ. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಆ ದೇಶದಲ್ಲಿ ಓದುತ್ತಲೋ ಉದ್ಯೋಗ ಮಾಡುತ್ತಲೋ ಇದ್ದಾರೆ. ಅಲ್ಲಿಗೆ ಹೋದ ಕೆಲವು ದಿನಗಳಲ್ಲಿಯೇ ಅವರು ಮೋಟಾರು ಕೊಳ್ಳುತ್ತಾರೆ, ಏಕೆಂದರೆ ಅಲ್ಲಿನ ಬಹುಪಾಲು ಊರುಗಳಲ್ಲಿ ಮೋಟಾರಿಲ್ಲದೆ ಹಾಲು ತರುವುದೂ ಕಷ್ಟ. ಹೀಗಿರುವಾಗ ಈ ವಿಷಯವು ನಮಗೆ ಕೇವಲ ದೂರದ ಕಥೆಯೂ ಅಲ್ಲ.

ಅಮೆರಿಕದಲ್ಲಿ ಮೋಟಾರಿನ ವಿಮೆಯು ಮೋಟಾರಿನಷ್ಟೇ ಹಳೆಯದು. ೧೮೯೮ರಲ್ಲಿ ಟ್ರಾವೆಲರ್ಸ್ ಎಂಬ ಕಂಪೆನಿಯು ಬಫಲೊ ನಗರದ ವೈದ್ಯರೊಬ್ಬರಿಗೆ ಇಂತಹ ವಿಮೆಯನ್ನು ಬರೆದುಕೊಟ್ಟಿತು. ಆ ಕಾಲಕ್ಕೆ ಬೀದಿಯಲ್ಲಿ ಕುದುರೆಗಳೇ ಹೆಚ್ಚಾಗಿದ್ದುವು. ಇಪ್ಪತ್ತೈದು ಮೂವತ್ತು ವರ್ಷಗಳು ಕಳೆಯುವಷ್ಟರಲ್ಲಿ ಮೋಟಾರುಗಳು ಮನೆಮನೆಗೂ ಬಂದುವು. ಪೆಟ್ಟು ತಿಂದವರು ಕೋರ್ಟಿಗೆ ಹೋಗಿ ಡಿಕ್ರಿ ಪಡೆದು, ಆ ಡಿಕ್ರಿಯ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂರುವ ಕಾಲವೂ ಬಂದಿತು. ಗೆದ್ದವನಿಗೆ ಕೊಡತಕ್ಕ ಹಣವೇ ಸೋತವನಲ್ಲಿ ಇಲ್ಲದಿದ್ದರೆ ಗೆಲವಿನಿಂದ ಏನು ಪ್ರಯೋಜನ?

ಇದಕ್ಕೆ ೧೯೨೫ರಲ್ಲಿ ನೆರೆಹೊರೆಯ ಎರಡು ಸಂಸ್ಥಾನಗಳು ಎರಡು ಬಗೆಯ ಪರಿಹಾರವನ್ನು ಕಂಡುಕೊಂಡುವು. ಕನೆಕ್ಟಿಕಟ್ ಸಂಸ್ಥಾನವು, ಅಪಘಾತ ಮಾಡಿದವನು ಮುಂದೆ ಅಂತಹುದು ಸಂಭವಿಸಿದರೆ ಹಣ ತೆರಲು ತಾನು ಶಕ್ತನೆಂದು ರುಜುವಾತು ತೋರಿಸಬೇಕು, ಇಲ್ಲವಾದರೆ ಮೋಟಾರು ನಡೆಸಬಾರದು ಎಂದು ವಿಧಿಸಿತು. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ; ತಪ್ಪು ಮಾಡದವನ ತಂಟೆಗೆ ಇದು ಹೋಗುವುದಿಲ್ಲ. ಆದರೆ ಮೊದಲನೆಯ ಸಲ ಪೆಟ್ಟು ತಿಂದವನ ಗತಿ? ಒಬ್ಬನನ್ನು ಹಾದ ಮೇಲೆ ಎತ್ತಿಗೆ ಮೂಗುದಾರ ಹಾಕಿದರೆ ಎರಡನೆಯವನು ಬದುಕಿಯಾನು. ಮೊದಲನೆಯವನ ಗಾಯಕ್ಕೆ ಮದ್ದು ಯಾರು ಕೊಡುತ್ತಾರೆ? ಮಸಾಚುಸೆಟ್ಸ್ ಸಂಸ್ಥಾನವು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಅದೇ ವರ್ಷ ಅಲ್ಲಿ ಆದ ಕಾಯಿದೆಯ ಪ್ರಕಾರ, ೧೯೨೭ರ ಜನವರಿ ಒಂದರಿಂದ, ವಿಮೆಯನ್ನಾಗಲಿ ಅದಕ್ಕೆ ಸಮನಾದ ಜಾಮೀನನ್ನಾಗಲಿ ತೋರಿಸದ ಮೋಟಾರಿಗೆ ರಿಜಿಸ್ಟರಿಯೇ ಇಲ್ಲವೆಂದಾಯಿತು. ಒಬ್ಬ ಗಾಯಾಳುವಿಗೆ ಐದು ಸಾವಿರ ಡಾಲರು, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೂ ಸೇರಿ ಹತ್ತು ಸಾವಿರ. ಇಷ್ಟು ಕಡಮೆಯಿಲ್ಲದಂತೆ ವಿಮೆ ಇರಬೇಕಾಗಿತ್ತು. ೧೯೩೩ರಲ್ಲಿ ಈ ಕಾಯಿದೆಯ ಮೇಲಿನ ಒಂದು ದೂರು ಆ ದೇಶದ ಪರಮೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಸಾರ್ವಜನಿಕ ರಸ್ತೆಯನ್ನು ಬಳಸತಕ್ಕವನಿಗೆ ಇಂತಹ ನಿಬಂಧನೆಯನ್ನು ಹಾಕುವ ಅಧಿಕಾರ ಸಂಸ್ಥಾನಕ್ಕೆ ಉಂಟೆಂಬುದು ಹಿಂದೆಯೇ ತೀರ್ಮಾನವಾದ ಸಂಗತಿಯೆಂದು ನ್ಯಾಯಾಲಯವು ಅದನ್ನು ತಳ್ಳಿಹಾಕಿತು.

ಇಲ್ಲಿ ಒಂದು ವಿನೋದವನ್ನು ಹೇಳಬೇಕು. ಜನರೆಲ್ಲರೂ ವಿಮೆಯನ್ನು ಕೊಳ್ಳಲೇಬೇಕೆಂದು ಸರ್ಕಾರವೇ ಆಜ್ಞೆ ಮಾಡಿದರೆ ವಿಮಾ ಕಂಪೆನಿಗಳು ಹಿಗ್ಗಬೇಕಲ್ಲವೆ? ಹಾಗಾಗಲಿಲ್ಲ. ಇಂತಹ ಕಾಯಿದೆಯನ್ನು ದಶಕಗಳ ಕಾಲ ವಿರೋಧಿಸಿದವರಲ್ಲಿ ಕಂಪೆನಿಗಳೇ ಮುಂದಾಗಿದ್ದುವು. ಕೊಳ್ಳಲೇಬೇಕೆಂದು ಹೇಳುವ ಸರ್ಕಾರವು ನಾಳೆ ಇಷ್ಟೇ ಬೆಲೆಗೆ ಮಾರಬೇಕೆಂದೂ, ಅಡ್ಡಾದಿಡ್ಡಿಯಾಗಿ ಓಡಿಸುವವನಿಗೂ ಮಾರಬೇಕೆಂದೂ ಹೇಳದೆ ಬಿಡದೆಂಬುದು ಅವುಗಳ ಭಯ. ಭಯಕ್ಕೆ ಕಾರಣವಿಲ್ಲದೆಯೂ ಇರಲಿಲ್ಲ. ಮಸಾಚುಸೆಟ್ಸಿನಲ್ಲಿ ವಿಮೆಯ ದರವು ಚುನಾವಣೆಯ ವೇದಿಕೆಗೆ ಬಂದಿತು. ಸುಮಾರು ಮೂವತ್ತು ವರ್ಷಗಳವರೆಗೆ ಬೇರೆ ಯಾವ ಸಂಸ್ಥಾನವೂ ಅದನ್ನು ಅನುಸರಿಸಲಿಲ್ಲ. ೧೯೫೬ರಲ್ಲಿ ನ್ಯೂಯಾರ್ಕ್, ೧೯೫೭ರಲ್ಲಿ ನಾರ್ತ್ ಕ್ಯಾರೊಲೈನಾ ಕಾಯಿದೆ ಮಾಡಿದುವು. ಅಲ್ಲಿಂದ ಮುಂದೆ ಮಿಕ್ಕವು ಒಂದೊಂದಾಗಿ ಬಂದುವು. ವರ್ಜೀನಿಯದಲ್ಲಿ ಮಾತ್ರ ಬಹುಕಾಲದವರೆಗೆ ಒಂದು ವಿಚಿತ್ರ ಪದ್ಧತಿ ಇತ್ತು: ವರ್ಷಕ್ಕೆ ಐನೂರು ಡಾಲರನ್ನು ಸಂಸ್ಥಾನಕ್ಕೆ ತೆತ್ತರೆ ವಿಮೆಯಿಲ್ಲದೆಯೇ ಮೋಟಾರು ನಡೆಸಬಹುದಾಗಿತ್ತು. ಆ ಐನೂರರಿಂದ ಗಾಯಾಳುವಿಗೆ ಒಂದು ಕಾಸಿನ ರಕ್ಷಣೆಯೂ ಇರಲಿಲ್ಲ. ೨೦೨೪ರ ಜುಲೈ ಒಂದರಂದು ಅದು ರದ್ದಾಯಿತು. ಈಗ ವಿಮೆಯ ನಿರ್ಬಂಧವಿಲ್ಲದ ಸಂಸ್ಥಾನವಾಗಿ ಉಳಿದಿರುವುದು ನ್ಯೂಹ್ಯಾಂಪ್‌ಷೈರ್ ಒಂದೇ. ಅಲ್ಲಿ ಅಪಘಾತ ಮಾಡಿದ ಮೇಲೆ ಹಣ ತೆರಲಾರದವನ ಲೈಸೆನ್ಸು ಹೋಗುವುದುಂಟು. ಮೊದಲೇ ವಿಮೆ ಮಾಡಿಸೆಂದು ಯಾರೂ ಹೇಳುವುದಿಲ್ಲ. ಸ್ವತಂತ್ರನಾಗಿ ಬಾಳು, ಇಲ್ಲವೆ ಸಾಯಿ ಎಂಬುದು ಆ ಸಂಸ್ಥಾನದ ಧ್ಯೇಯವಾಕ್ಯ. ಮೋಟಾರುಗಳ ನಂಬರು ಹಲಗೆಯ ಮೇಲೆಯೇ ಅದನ್ನು ಬರೆದಿರುತ್ತಾರೆ. ಸ್ವಾತಂತ್ರ್ಯವು ಓಡಿಸುವವನದು, ಸಾವು ಎದುರಿಗೆ ಬಂದವನದು ಆಗದಿರಲಿ ಎಂದು ಹಾರೈಸೋಣ.

ಇನ್ನು ಶಿಕ್ಷೆಗಳ ಮಾತು. ಮಸಾಚುಸೆಟ್ಸಿನ ಕಾಯಿದೆಯು ವಿಮೆಯಿಲ್ಲದವನಿಗೆ ಐನೂರರಿಂದ ಐದು ಸಾವಿರ ಡಾಲರುಗಳವರೆಗೆ ಜುಲ್ಮಾನೆಯನ್ನೂ, ಒಂದು ವರ್ಷದವರೆಗೆ ಸೆರೆಯನ್ನೂ ಹೇಳಿದೆ. ನ್ಯೂಯಾರ್ಕಿನಲ್ಲಿ ಜುಲ್ಮಾನೆಯಲ್ಲದೆ ಒಂದು ವರ್ಷಕ್ಕೆ ಕಡಮೆಯಿಲ್ಲದಂತೆ ಲೈಸೆನ್ಸು ರದ್ದಾಗುವುದು. ಅದನ್ನು ಮರಳಿ ಪಡೆಯಲು ಏಳುನೂರೈವತ್ತು ಡಾಲರು ಬೇರೆ ತೆರಬೇಕು. ಕ್ಯಾಲಿಫೋರ್ನಿಯದಲ್ಲಿ ಮೊದಲ ಸಲಕ್ಕೆ ಜುಲ್ಮಾನೆ ನೂರರಿಂದ ಇನ್ನೂರು ಡಾಲರು ಮಾತ್ರ. ಆದರೆ ಅದಕ್ಕೆ ಅಂಟಿಕೊಂಡು ಬರುವ ಉಪಶುಲ್ಕಗಳು ಮೂಲ ಮೊಬಲಗನ್ನು ಹಲವು ಪಟ್ಟು ಮಾಡುತ್ತವೆ; ಮೋಟಾರನ್ನು ಎಳೆದುಕೊಂಡು ಹೋಗಿ ಕಟ್ಟಿಹಾಕುವುದೂ ಉಂಟು. ಬಹುತೇಕ ಸಂಸ್ಥಾನಗಳಲ್ಲಿ, ಹೀಗೆ ಸಿಕ್ಕಿಬಿದ್ದವನು ಮುಂದೆ ಕೆಲವು ವರ್ಷಗಳ ಕಾಲ, ತನಗೆ ವಿಮೆಯಿದೆಯೆಂದು ಕಂಪೆನಿಯಿಂದ ಸರ್ಕಾರಕ್ಕೆ ಒಂದು ಯಾದಿಯನ್ನು ಕಳುಹಿಸುತ್ತಿರಬೇಕು. ಆ ಯಾದಿ ಬೇಕಾದವನೆಂದರೆ ಕಂಪೆನಿಯು ದರವನ್ನು ಏರಿಸುತ್ತದೆ.

ಈ ಶಿಕ್ಷೆಗಳನ್ನೆಲ್ಲಾ ಓದಿದಾಗ ನಮಗೆ ತೋರುವುದೇನೆಂದರೆ, ಇವುಗಳಲ್ಲಿ ಮೂರನೆಯವನ ಹೆಸರೇ ಇಲ್ಲ. ಜುಲ್ಮಾನೆಯು ಸರ್ಕಾರದ ಬೊಕ್ಕಸಕ್ಕೆ ಹೋಗುವುದು. ಲೈಸೆನ್ಸು ಮೇಜಿನ ಖಾನೆಗೆ ಹೋಗುವುದು. ಆಸ್ಪತ್ರೆಯಲ್ಲಿರುವವನಿಗೆ ಬಂದುದೇನು? ಯಾವ ಕಾಯಿದೆಯನ್ನು ಅವನಿಗಾಗಿ ಮಾಡಿದರೋ ಅದರ ಯೋಗ್ಯತೆಯನ್ನು ಅವನ ಕೈಗೆ ಬಂದ ಹಣದಿಂದ ಅಳೆಯಬೇಕೇ ಹೊರತು, ಸಿಕ್ಕಿಬಿದ್ದವರ ಸಂಖ್ಯೆಯಿಂದ ಅಲ್ಲವೆಂಬುದು ನಮ್ಮ ಅಭಿಪ್ರಾಯ. ಶಿಕ್ಷೆಯ ಭಯದಿಂದ ಜನರು ವಿಮೆ ಮಾಡಿಸುವರಲ್ಲ, ಅದರಿಂದ ಅವನಿಗೆ ಉಪಕಾರವಾಗುವುದಲ್ಲ ಎಂದು ಹೇಳಬಹುದು. ಆ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಲೆಕ್ಕದಿಂದಲೇ ನೋಡೋಣ. ೨೦೧೯ರಲ್ಲಿ ಇಡೀ ದೇಶದಲ್ಲಿ ನೂರಕ್ಕೆ ಹನ್ನೆರಡೂವರೆಯಷ್ಟು ಮಂದಿ, ಎಂದರೆ ಎಂಟು ಜನರಲ್ಲಿ ಒಬ್ಬನು, ವಿಮೆಯಿಲ್ಲದೆ ಮೋಟಾರು ನಡೆಸುತ್ತಿದ್ದನೆಂದು ಅಲ್ಲಿನ ವಿಮಾ ಸಂಶೋಧನಾ ಮಂಡಲಿಯ ಅಂದಾಜು. ನ್ಯೂಜೆರ್ಸಿಯಲ್ಲಿ ನೂರಕ್ಕೆ ಮೂರು, ಮಿಸಿಸಿಪ್ಪಿಯಲ್ಲಿ ಇಪ್ಪತ್ತೊಂಬತ್ತು. ಎರಡು ಕಡೆಯೂ ವಿಮೆ ನಿರ್ಬಂಧವೇ. ನಿರ್ಬಂಧವಿಲ್ಲದ ನ್ಯೂಹ್ಯಾಂಪ್‌ಷೈರಿನಲ್ಲಿಯಾದರೋ ನೂರಕ್ಕೆ ಆರರಷ್ಟು ಮಾತ್ರ! ಕಾಯಿದೆಯ ಪುಸ್ತಕಕ್ಕಿಂತಲೂ ಜನರ ಜೇಬಿನ ಸ್ಥಿತಿಯು ಇಲ್ಲಿ ಹೆಚ್ಚು ಮಾತನಾಡುತ್ತದೆಂದು ನಾವು ಊಹಿಸುತ್ತೇವೆ. ಮಿಸಿಸಿಪ್ಪಿಯು ಆ ದೇಶದ ಬಡ ಸಂಸ್ಥಾನಗಳಲ್ಲಿ ಒಂದು.

ಬಡವನ ಪಾಡನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಿಮೆಯ ಕಂತು ಬಾಕಿ ಬೀಳುತ್ತದೆ. ಕಂಪೆನಿಯು ವಿಮೆಯನ್ನು ನಿಲ್ಲಿಸಿ ಸರ್ಕಾರಕ್ಕೆ ತಿಳಿಸುತ್ತದೆ. ಅವನಿಗೆ ಕೆಲಸ ಹತ್ತು ಹದಿನೈದು ಮೈಲಿಯಾಚೆ, ಬಸ್ಸಿಲ್ಲ. ಮೋಟಾರನ್ನು ಹೊರಕ್ಕೆ ತೆಗೆಯುತ್ತಾನೆ, ಸಿಕ್ಕಿಬೀಳುತ್ತಾನೆ. ಜುಲ್ಮಾನೆ ಕಟ್ಟಲು ಹಣವಿಲ್ಲ. ಇದ್ದಿದ್ದರೆ ಕಂತನ್ನೇ ಕಟ್ಟುತ್ತಿದ್ದನಲ್ಲ! ಲೈಸೆನ್ಸು ಹೋಗುತ್ತದೆ, ಕೆಲಸಕ್ಕೆ ಹೋಗಲೇಬೇಕಾದುದರಿಂದ ಲೈಸೆನ್ಸಿಲ್ಲದೆಯೂ ಓಡಿಸುತ್ತಾನೆ. ಮುಂದೆ ವಿಮೆ ಕೊಳ್ಳಹೋದರೆ ಬೆಲೆ ಮೊದಲಿನದಕ್ಕಿಂತ ಹೆಚ್ಚು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಇದರಿಂದ ರಸ್ತೆಯಲ್ಲಿ ವಿಮೆಯಿಲ್ಲದ ಮೋಟಾರು ಒಂದು ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಕ್ಯಾಲಿಫೋರ್ನಿಯವು ಇದನ್ನು ಅರಿತು, ಕಡಮೆ ವರಮಾನದವರಿಗೆ ಅಗ್ಗದ ವಿಮೆಯ ಒಂದು ಏರ್ಪಾಡನ್ನು ಮಾಡುವ ಕಾಯಿದೆಯನ್ನು ೧೯೯೯ರಲ್ಲಿ ತಂದಿತು. ನೂರು ಜುಲ್ಮಾನೆಗಳಿಗಿಂತ ಇದು ಮೇಲೆಂದು ನಮ್ಮ ಎಣಿಕೆ.

ಲೈಸೆನ್ಸನ್ನು ಕಸಿದುಕೊಳ್ಳುವ ವಿಷಯದಲ್ಲಿ ಜಾರ್ಜಿಯ ಸಂಸ್ಥಾನದ ಒಂದು ಮೊಕದ್ದಮೆಯನ್ನು ಕೇಳುಗರು ತಿಳಿದಿರತಕ್ಕುದು. ಅಲ್ಲಿ ಒಬ್ಬ ಪಾದ್ರಿ ಇದ್ದನು. ಮೂರು ಹಳ್ಳಿಗಾಡಿನ ಸಭೆಗಳಿಗೆ ಮೋಟಾರಿನಲ್ಲಿ ಹೋಗಿಬರುವುದು ಅವನ ವೃತ್ತಿ. ೧೯೬೮ರ ನವೆಂಬರಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಬೈಸಿಕಲ್ ಓಡಿಸಿಕೊಂಡು ಬಂದು ಅವನ ಮೋಟಾರಿನ ಪಕ್ಕಕ್ಕೆ ಗುದ್ದಿದಳು. ಅವನಿಗೆ ವಿಮೆ ಇರಲಿಲ್ಲ. ತಂದೆತಾಯಿಗಳು ಐದು ಸಾವಿರ ಡಾಲರು ನಷ್ಟವೆಂದು ಬರೆದುಕೊಟ್ಟರು. ಅಷ್ಟಕ್ಕೆ ಜಾಮೀನು ಕೊಡು, ಇಲ್ಲವಾದರೆ ಲೈಸೆನ್ಸು ಕೊಡು ಎಂದು ಸರ್ಕಾರ ಕೇಳಿತು. ತಪ್ಪು ನನ್ನದಲ್ಲವೆಂದು ಹೇಳಲು ಹೋದರೆ, ತಪ್ಪು ಯಾರದೆಂಬುದು ಇಲ್ಲಿ ಪ್ರಶ್ನೆಯೇ ಅಲ್ಲವೆಂದು ಅಧಿಕಾರಿಯು ಕಿವಿಗೊಡಲಿಲ್ಲ. ೧೯೭೧ರ ಮೇ ತಿಂಗಳಲ್ಲಿ ಪರಮೋಚ್ಚ ನ್ಯಾಯಾಲಯವು ಇದನ್ನು ತಪ್ಪೆಂದಿತು: ಲೈಸೆನ್ಸು ಒಬ್ಬನ ಜೀವನೋಪಾಯವಾಗಿರಬಹುದು, ಅವನ ಮೇಲೆ ತೀರ್ಪಾಗುವ ಸಂಭವವಾದರೂ ಉಂಟೇ ಎಂದು ವಿಚಾರಿಸದೆ ಅದನ್ನು ತೆಗೆದುಕೊಳ್ಳುವುದು ನ್ಯಾಯಮಾರ್ಗವಲ್ಲ. ವಿಮೆಯಿಲ್ಲದಿರುವುದು ಒಂದು ತಪ್ಪು, ಅಪಘಾತ ಮಾಡುವುದು ಮತ್ತೊಂದು ತಪ್ಪು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದೆಂಬ ವಿವೇಕವನ್ನು ನಾವು ಇಲ್ಲಿ ಕಾಣುತ್ತೇವೆ.

ಆದರೆ ಈ ವಿವೇಕವು ಎಲ್ಲೆಡೆಯೂ ನಿಲ್ಲಲಿಲ್ಲ. ೧೯೯೬ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮತದಾರರು ಒಂದು ನಿಯಮವನ್ನು ಒಪ್ಪಿದರು. ವಿಮೆಯಿಲ್ಲದೆ ಮೋಟಾರು ನಡೆಸುತ್ತಿದ್ದವನಿಗೆ ಬೇರೊಬ್ಬನ ತಪ್ಪಿನಿಂದಲೇ ಗಾಯವಾದರೂ ಆಸ್ಪತ್ರೆಯ ಖರ್ಚು, ಹೋದ ಸಂಬಳ ಮುಂತಾದುವು ಮಾತ್ರ ದೊರೆಯಬಹುದು. ಅನುಭವಿಸಿದ ನೋವಿಗೆ, ಅಂಗವಿಕಾರಕ್ಕೆ ಪರಿಹಾರವಿಲ್ಲ. ಗುದ್ದಿದವನು ಕುಡಿದು ಓಡಿಸಿದನೆಂದು ಶಿಕ್ಷೆಗೆ ಗುರಿಯಾಗಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಪಾಲು ಕೊಡದವನಿಗೆ ಪಂಕ್ತಿಯಲ್ಲಿ ಎಲೆಯಿಲ್ಲವೆಂಬುದು ಇದರ ತರ್ಕ. ತರ್ಕವು ಚೆನ್ನಾಗಿಯೇ ಇದೆ. ಆದರೂ ಇದರಿಂದ ಉಳಿದ ಹಣವು ಹೋಗುವುದು ಎಲ್ಲಿಗೆ? ತಪ್ಪು ಮಾಡಿ ಗುದ್ದಿದವನ ಕಂಪೆನಿಗೆ. ಎಚ್ಚರತಪ್ಪಿ ಓಡಿಸಿದವನು ಎದುರಿನವನ ಬಡತನದಿಂದ ಲಾಭ ಪಡೆಯುವ ಈ ಏರ್ಪಾಡನ್ನು ನಾವು ಮನಃಪೂರ್ವಕವಾಗಿ ಒಪ್ಪಲಾರೆವು.

ಇನ್ನೊಂದು ಲೋಪವುಂಟು, ಇದರ ಮೇಲೆ ಜನರ ಕಣ್ಣು ಬೀಳುವುದು ಅಪರೂಪ. ವಿಮೆ ಇದ್ದರೂ ಅದು ಎಷ್ಟಕ್ಕೆ? ಕ್ಯಾಲಿಫೋರ್ನಿಯವು ೧೯೬೭ರಲ್ಲಿ ಒಬ್ಬ ಗಾಯಾಳುವಿಗೆ ಹದಿನೈದು ಸಾವಿರ, ಒಂದು ಅಪಘಾತಕ್ಕೆ ಮೂವತ್ತು ಸಾವಿರ, ಆಸ್ತಿಯ ನಷ್ಟಕ್ಕೆ ಐದು ಸಾವಿರ ಡಾಲರೆಂದು ಕನಿಷ್ಠ ಪರಿಮಿತಿಯನ್ನು ಗೊತ್ತುಮಾಡಿತು. ಐವತ್ತೇಳು ವರ್ಷಗಳವರೆಗೆ ಆ ಅಂಕಿಗಳು ಅಲ್ಲಾಡಲಿಲ್ಲ. ಅಷ್ಟರಲ್ಲಿ ಆಸ್ಪತ್ರೆಯ ಖರ್ಚು ಎಲ್ಲಿಂದೆಲ್ಲಿಗೆ ಏರಿತೆಂಬುದನ್ನು ಆ ದೇಶದಲ್ಲಿ ಮಕ್ಕಳಿರುವವರಿಗೆ ನಾವು ಹೇಳಬೇಕಾದುದಿಲ್ಲ. ೨೦೨೫ರ ಜನವರಿ ಒಂದರಿಂದ ಆ ಪರಿಮಿತಿಯು ಮೂವತ್ತು, ಅರುವತ್ತು, ಹದಿನೈದು ಸಾವಿರಗಳಾಯಿತು. ಹಾಗಾದರೆ ಇಷ್ಟು ದಿನವೂ ಕಾಯಿದೆಗೆ ತಲೆಬಾಗಿ ಕನಿಷ್ಠ ವಿಮೆಯನ್ನು ಕೊಂಡವನು ಮಾಡಿದುದು ಏನು? ಪೋಲೀಸಿನವನಿಗೆ ತೋರಿಸುವುದಕ್ಕೆ ಒಂದು ಚೀಟಿಯನ್ನು ಕೊಂಡುಕೊಂಡನು. ತಲೆ ಒಡೆದವನಿಗೆ ಅದು ಕೆಲವೇ ದಿನಗಳ ಮದ್ದಿಗೆ ಸಾಲುವಂತಿತ್ತು. ಅಲ್ಲಿ ನೆಲಸಿರುವ ನಮ್ಮವರು ಕನಿಷ್ಠವನ್ನೇ ಕೊಂಡು ಕಾಯಿದೆ ಮುಗಿಯಿತೆಂದು ನೆಮ್ಮದಿಯಿಂದಿದ್ದರೆ, ಅವರು ದುಡಿದು ಗಳಿಸಿದ ಮನೆಮಾರುಗಳ ಮೇಲೆಯೇ ಮಿಕ್ಕ ಡಿಕ್ರಿಯು ಬಂದೀತು.

ಮೂರನೆಯವನ ಕೈಗೆ ಹಣ ಬರುವ ದಾರಿಗಳನ್ನು ಹುಡುಕಿದವರೂ ಇಲ್ಲದಿಲ್ಲ. ೧೯೪೭ರಲ್ಲಿ ನಾರ್ತ್ ಡಕೋಟ ಸಂಸ್ಥಾನವು ಒಂದು ನಿಧಿಯನ್ನು ಕೂಡಿಸಿ, ಡಿಕ್ರಿ ದೊರೆತೂ ವಸೂಲಾಗದವರಿಗೆ ಅದರಿಂದ ಕೊಡುವ ಏರ್ಪಾಡು ಮಾಡಿತು. ೧೯೫೭ರಲ್ಲಿ, ವಿಮೆಯಿಲ್ಲದವನು ಬಂದು ಗುದ್ದಿದರೆ ನಿನ್ನ ಕಂಪೆನಿಯೇ ನಿನಗೆ ತೆರುವುದೆಂಬ ಹೊಸ ಬಗೆಯ ವಿಮೆಯನ್ನು ಕಾಯಿದೆಯಲ್ಲಿ ಸೇರಿಸಿದ ಮೊದಲನೆಯ ಸಂಸ್ಥಾನವು ನ್ಯೂಹ್ಯಾಂಪ್‌ಷೈರೇ. ನಿರ್ಬಂಧವನ್ನು ಒಲ್ಲದವರಿಗೂ ನಿರ್ಬಂಧವಿಲ್ಲದಿದ್ದರೆ ಏನಾಗುವುದೆಂಬ ಅರಿವು ಇತ್ತೆಂದಾಯಿತು. ೧೯೭೧ರಲ್ಲಿ ಮಸಾಚುಸೆಟ್ಸ್ ಮತ್ತೂ ಮುಂದೆ ಹೋಗಿ, ಸಣ್ಣಪುಟ್ಟ ಗಾಯಗಳಿಗೆ ತಪ್ಪು ಯಾರದೆಂದು ಕೇಳದೆಯೇ ಅವರವರ ಕಂಪೆನಿಯು ಖರ್ಚು ಕೊಡುವಂತೆ ಮಾಡಿತು. ಇಂಗ್ಲೆಂಡಿನಲ್ಲಿ ೧೯೩೦ರ ರಸ್ತೆ ಸಂಚಾರದ ಕಾಯಿದೆಯಿಂದ ವಿಮೆಯು ನಿರ್ಬಂಧವಾಗಿತ್ತು; ೧೯೪೬ರಲ್ಲಿ ಅಲ್ಲಿನ ಕಂಪೆನಿಗಳೆಲ್ಲಾ ಸೇರಿ ಒಂದು ಸಂಘವನ್ನು ಕಟ್ಟಿ, ವಿಮೆಯಿಲ್ಲದವರು ಮಾಡಿದ ಗಾಯಕ್ಕೂ ತಾವೇ ತೆರುವುದಾಗಿ ಸರ್ಕಾರಕ್ಕೆ ಒಪ್ಪಂದ ಬರೆದುಕೊಟ್ಟುವು. ಈ ಎಲ್ಲ ಏರ್ಪಾಡುಗಳಲ್ಲಿ ಇಂಗ್ಲೆಂಡಿನದೇ ನಮಗೆ ಅತ್ಯಂತ ನೇರವಾಗಿ ತೋರುತ್ತದೆ.

ಆ ಇಂಗ್ಲಿಷ್ ಕಾಯಿದೆಯ ಜಾಡನ್ನು ಹಿಡಿದೇ ನಮ್ಮ ದೇಶದ ೧೯೩೯ರ ಮೋಟಾರು ವಾಹನಗಳ ಕಾಯಿದೆಯು ಹುಟ್ಟಿತು. ಅದರ ವಿಮೆಯ ಅಧ್ಯಾಯವು ಜಾರಿಗೆ ಬಂದುದು ೧೯೪೬ರ ಜುಲೈ ಒಂದರಿಂದ. ಈಗಿರುವುದು ೧೯೮೮ರ ಕಾಯಿದೆ. ಅದರ ೧೪೬ನೆಯ ಸೆಕ್ಷನ್ ಪ್ರಕಾರ ಮೂರನೆಯ ಕಕ್ಷಿಯ ವಿಮೆಯಿಲ್ಲದೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸಕೂಡದು. ಇನ್ನೊಬ್ಬನು ನಡೆಸುವುದಕ್ಕೂ ಬಿಡಕೂಡದು. ಸ್ನೇಹಿತನಿಗೆ ಸ್ಕೂಟರಿನ ಬೀಗದ ಕೈ ಕೊಟ್ಟವನೂ ಅಪರಾಧಿಯೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ೨೦೧೯ರ ತಿದ್ದುಪಡಿಯಾದ ಮೇಲೆ ಶಿಕ್ಷೆಯು ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡು ಸಾವಿರ ರೂಪಾಯಿ ಜುಲ್ಮಾನೆ, ಅಥವಾ ಎರಡೂ. ಮತ್ತೊಮ್ಮೆ ಸಿಕ್ಕಿದರೆ ಜುಲ್ಮಾನೆ ನಾಲ್ಕು ಸಾವಿರ. ಒಂದು ವಿಷಯದಲ್ಲಿ ನಮ್ಮ ಕಾಯಿದೆಯು ಅಮೆರಿಕದ್ದಕ್ಕಿಂತ ಉದಾರವಾದುದು. ೧೯೮೮ರಲ್ಲಿ ಅದನ್ನು ಮಾಡಿದವರು ಮೂರನೆಯವನ ಸಾವಿಗೂ ಗಾಯಕ್ಕೂ ಇಷ್ಟೇ ಎಂಬ ಮಿತಿಯನ್ನು ಹಾಕಲಿಲ್ಲ. ನ್ಯಾಯಮಂಡಲಿಯು ಗೊತ್ತುಮಾಡಿದುದನ್ನು ಕಂಪೆನಿಯು ತೆರಬೇಕು. ಆದರೆ ಈ ಉದಾರತೆಯೆಲ್ಲವೂ ವಿಮೆಯಿದ್ದಾಗಿನ ಮಾತು. ಹೊಸದಾಗಿ ಕೊಂಡ ವರ್ಷ ವಿಮೆ ಮಾಡಿಸಿ ಮರುವರ್ಷ ಮರೆಯುವವರು ಬಹಳವೆಂದೇ, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೧೮ರ ಸೆಪ್ಟೆಂಬರ್ ಒಂದರಿಂದ ಹೊಸ ಕಾರಿಗೆ ಮೂರು ವರ್ಷದ, ಎರಡು ಚಕ್ರದ ವಾಹನಕ್ಕೆ ಐದು ವರ್ಷದ ವಿಮೆಯನ್ನು ಒಟ್ಟಿಗೆ ಕೊಳ್ಳಬೇಕಾಯಿತು.

ವಿಮೆಯಿಲ್ಲದ ಬಂಡಿಯು ಒಬ್ಬನ ಕಾಲನ್ನು ಮುರಿದರೆ ಎರಡು ಸಾವಿರ ರೂಪಾಯಿ ಜುಲ್ಮಾನೆಯು ಅವನಿಗೆ ಊರುಗೋಲನ್ನೂ ತಂದುಕೊಡುವುದಿಲ್ಲ. ಇದನ್ನು ಬಲ್ಲ ದೆಹಲಿಯವರು ೨೦೦೮ರ ನಿಯಮಗಳಲ್ಲಿ ಒಂದು ಒಳ್ಳೆಯ ಮಾತನ್ನು ಸೇರಿಸಿದರು. ಅಂತಹ ವಾಹನವನ್ನು ಪರಿಹಾರಕ್ಕೆ ಸಾಕಾಗುವಷ್ಟು ಜಾಮೀನು ಕೊಟ್ಟ ಹೊರತು ಯಜಮಾನನಿಗೆ ಬಿಟ್ಟುಕೊಡಕೂಡದು. ಮೂರು ತಿಂಗಳು ಕಳೆದರೆ ಹರಾಜು ಹಾಕಿ ಬಂದ ಹಣವನ್ನು ನ್ಯಾಯಮಂಡಲಿಯಲ್ಲಿ ಕಟ್ಟಬೇಕು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ನಿಯಮವನ್ನು ಎಲ್ಲ ರಾಜ್ಯಗಳೂ ಮಾಡಬೇಕೆಂದು ಅಪ್ಪಣೆ ಮಾಡಿತು. ನಾವು ಈವರೆಗೆ ಹೇಳಿದ ಶಿಕ್ಷೆಗಳಲ್ಲಿ ಗಾಯಾಳುವಿನ ಮನೆಯ ಬಾಗಿಲಿಗೆ ತಲಪುವ ಶಿಕ್ಷೆ ಇದೊಂದೇ.

ಗುದ್ದಿದ ವಾಹನವು ಯಾವುದೆಂದೇ ತಿಳಿಯದೆ ಹೋದಾಗ ಏನು ಮಾಡಬೇಕೆಂಬುದು ಉಳಿಯಿತು. ೨೦೨೨ರ ಏಪ್ರಿಲ್ ಒಂದರಿಂದ ಜಾರಿಯಲ್ಲಿರುವ ಯೋಜನೆಯ ಪ್ರಕಾರ ಅಂತಹ ಅಪಘಾತದಲ್ಲಿ ಸತ್ತವನ ಮನೆಯವರಿಗೆ ಎರಡು ಲಕ್ಷ, ತೀವ್ರ ಗಾಯವಾದವನಿಗೆ ಐವತ್ತು ಸಾವಿರ ರೂಪಾಯಿ ಸಲ್ಲಬೇಕು. ಇದಕ್ಕೆ ವಕೀಲರೂ ಬೇಡ, ಕೋರ್ಟೂ ಬೇಡ. ಅಪಘಾತವಾದ ತಾಲ್ಲೂಕಿನ ತಹಸೀಲ್ದಾರರಿಗೋ ಉಪವಿಭಾಗದ ಅಧಿಕಾರಿಗಳಿಗೋ ಅರ್ಜಿ ಹಾಕಿಕೊಳ್ಳತಕ್ಕುದು. ಹಳ್ಳಿಗಳಲ್ಲಿ ಇದನ್ನು ಕೇಳುತ್ತಿರುವ ಶಾಲಾ ಉಪಾಧ್ಯಾಯರು ಈ ಸಂಗತಿಯನ್ನು ಓದುಬರಹವಿಲ್ಲದವರಿಗೆ ತಿಳಿಸಿ, ಅಗತ್ಯ ಬಿದ್ದಾಗ ಅರ್ಜಿಯನ್ನು ಬರೆದುಕೊಡುವರೆಂದು ನಂಬುತ್ತೇವೆ.